ಮರಳಿನ ಅಚ್ಚು, ಕರೆಂಟಿನ ಬಂಡಿ



ಸಂಕ್ರಾಂತಿ ಬಂತು ಅಂದರೆ ಎಳ್ಳು, ಬೆಲ್ಲ, ಕಬ್ಬು ಬೇಕು. ಜೊತೆಗೆ ಸಕ್ಕರೆ ಅಚ್ಚು ಬೇಕು. ಸಕ್ಕರೆ ಅಚ್ಚು ಮಾಡುವುದು ಹೇಗೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಮರದ ಅಚ್ಚನ್ನು ನೀರಿನಲ್ಲಿ ನೆನೆಸುತ್ತೇವೆ. ತುಂಡುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟುತ್ತೇವೆ. ಸಕ್ಕರೆ ಪಾಕವನ್ನು ಹದ ನೋಡಿ ಒಳಗೆ ಹೊಯ್ಯುತ್ತೇವೆ. ಪಾಕ ಆರಿ ಗಟ್ಟಿಯಾಗುತ್ತದೆ. ಅಚ್ಚು ಬಿಚ್ಚಿದರೆ ಒಳಗೆ ಗಿಳಿ ಇರುತ್ತದೆ, ಆನೆ ಇರುತ್ತದೆ.

ಲೋಹದ ಸಾಮಾನುಗಳನ್ನೂ ಹೀಗೆಯೇ ಮಾಡುತ್ತಾರೆ. ಪಾಕದ ಬದಲು ಕರಗಿದ ಲೋಹ. ಮರದ ಅಚ್ಚಿನ ಬದಲು ಮರಳಿನ ಅಚ್ಚು ಅಥವಾ ಉಕ್ಕಿನ ಅಚ್ಚು. ಈ ಕೆಲಸಕ್ಕೆ ಎರಕ ಹೊಯ್ಯುವುದು ಎನ್ನುತ್ತಾರೆ. ಎರಕ ಹೊಯ್ಯುವ ಕಾರ್ಖಾನೆಗೆ ಫೌಂಡ್ರಿ ಎಂದು ಹೆಸರು.

ಎರಕ ಬಹಳ ಹಳೆಯ ಕಸುಬು. ಮೊಹೆಂಜೊದಾರೊ ಎಂಬ ಹಳೆಯ ಊರಿನಲ್ಲಿ ಒಂದು ಪುಟ್ಟ ಕಂಚಿನ ಗೊಂಬೆ ಸಿಕ್ಕಿದೆ. ಸೊಂಟದ ಮೇಲೆ ಕೈ ಇಟ್ಟು ನಿಂತ ಹುಡುಗಿಯ ಗೊಂಬೆ. ತೋಳಿನ ತುಂಬಾ ಬಳೆ. ಅದನ್ನು ಎರಕ ಹೊಯ್ದು ಮಾಡಿ ಸುಮಾರು 4500 ವರ್ಷ ಆಗಿದೆ. ನಮ್ಮ ಗುಡಿಯ ಗಂಟೆ, ಮನೆಯ ಒರಳುಗುಂಡಿನಂಥ ಕಬ್ಬಿಣದ ಕುಟ್ಟಾಣಿ, ಹೊಲದ ನೀರಿನ ಪಂಪು, ಹೊಲಿಗೆ ಯಂತ್ರದ ಮೈ, ಎಲ್ಲವೂ ಎರಕದಿಂದ ಬಂದವು.

ಈಗ ಈ ಹಳೆಯ ಕಸುಬಿಗೆ ಒಂದು ಹೊಸ ಕಸುಬು ಜೊತೆಯಾಗಿದೆ. ಅದರ ಹೆಸರು ತ್ರೀಡಿ ಪ್ರಿಂಟಿಂಗ್. ಎರಡೂ ಸೇರಿ ಕರೆಂಟಿನಿಂದ ಓಡುವ ಬಂಡಿಗಳ ಭಾಗಗಳನ್ನು ಮಾಡುತ್ತಿವೆ. ಅದು ಹೇಗೆ? ಅದರಿಂದ ನಮಗೇನು? ಬನ್ನಿ, ಒಂದೊಂದಾಗಿ ತಿಳಿಯೋಣ.

ಕರೆಂಟಿನ ಬಂಡಿಯೊಳಗೆ ಏನಿದೆ?

ಡೀಸೆಲ್ ಇಲ್ಲದೆ, ಹೊಗೆ ಬಿಡದೆ ಓಡುವ ಬಸ್ಸುಗಳು ಬೆಂಗಳೂರಿನಲ್ಲಿ ಓಡುತ್ತಿವೆ. ಕರೆಂಟಿನ ಆಟೋ, ಸ್ಕೂಟರ್ ಸಣ್ಣ ಊರುಗಳಿಗೂ ಬಂದಿವೆ. ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಎಂಬ ಪುಟ್ಟ ಕರೆಂಟ್ ಕಾರು ಮಾರಾಟಕ್ಕೆ ಬಂದಿತ್ತು.

ಇಂಥ ಬಂಡಿಯಲ್ಲಿ ಮುಖ್ಯವಾಗಿ ಎರಡು ವಸ್ತು ಇರುತ್ತವೆ. ಒಂದು ಬ್ಯಾಟರಿ. ಅದು ಕರೆಂಟನ್ನು ಕೂಡಿಟ್ಟುಕೊಳ್ಳುತ್ತದೆ. ಇನ್ನೊಂದು ಮೋಟಾರು. ಅದು ಕರೆಂಟಿನಿಂದ ತಿರುಗಿ ಚಕ್ರವನ್ನು ಓಡಿಸುತ್ತದೆ.

ಬ್ಯಾಟರಿ ಬಹಳ ಭಾರ. ಕಾರಿನ ಬ್ಯಾಟರಿ ನೂರಾರು ಕಿಲೋ ತೂಗುತ್ತದೆ. ಅದನ್ನು ಹೊತ್ತು ಓಡುವುದರಲ್ಲೇ ಕರೆಂಟು ಖರ್ಚಾಗುತ್ತದೆ. ಆದ್ದರಿಂದ ಬಂಡಿಯ ಉಳಿದ ಭಾಗಗಳು ಹಗುರ ಇರಬೇಕು. ಬಾವಿಯಿಂದ ನೀರು ತರುವಾಗ ನಮಗೂ ಇದು ಗೊತ್ತಲ್ಲವೇ? ನೀರಿನ ಭಾರವನ್ನು ಕಡಿಮೆ ಮಾಡಲು ಆಗುವುದಿಲ್ಲ. ತಾಮ್ರದ ಕೊಡ ಬಿಟ್ಟು ಪ್ಲಾಸ್ಟಿಕ್ ಕೊಡ ಹಿಡಿದರೆ ಅಷ್ಟಾದರೂ ಹಗುರ.

ಅದಕ್ಕೇ ಇಂಥ ಬಂಡಿಗಳಲ್ಲಿ ಅಲ್ಯೂಮಿನಿಯಂ ಹೆಚ್ಚು ಬಳಸುತ್ತಾರೆ. ಒಂದು ಲೀಟರ್ ಅಳತೆಯಷ್ಟು ನೀರು 1 ಕಿಲೋ ತೂಗುತ್ತದೆ. ಅಷ್ಟೇ ಅಳತೆಯ ಅಲ್ಯೂಮಿನಿಯಂ 2.7 ಕಿಲೋ ತೂಗುತ್ತದೆ. ಅಷ್ಟೇ ಅಳತೆಯ ಕಬ್ಬಿಣ ಸುಮಾರು 7.8 ಕಿಲೋ. ಅಂದರೆ ಅಲ್ಯೂಮಿನಿಯಂ ಕಬ್ಬಿಣದ ಮೂರನೇ ಒಂದು ಪಾಲು ಮಾತ್ರ ತೂಗುತ್ತದೆ.

ಅಲ್ಯೂಮಿನಿಯಂ ಬೇಗ ಕರಗುತ್ತದೆ ಕೂಡ. ನೀರು ಕುದಿಯುವುದು 100 ಡಿಗ್ರಿ ಬಿಸಿಯಲ್ಲಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಕಬ್ಬಿಣಕ್ಕೆ 1500 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಹಳೆಯ ಅಲ್ಯೂಮಿನಿಯಂ ಪಾತ್ರೆ, ಪಗಡೆಗಳನ್ನು ಮತ್ತೆ ಕರಗಿಸಿ ಬಳಸಬಹುದು. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು 100 ಪಾಲು ಶಕ್ತಿ ಬೇಕಾದರೆ, ಹಳೆಯದನ್ನು ಕರಗಿಸಲು ಸುಮಾರು 5 ಪಾಲು ಸಾಕು.

ಮೋಟಾರಿನ ಹೊಟ್ಟೆಯೊಳಗಿನ ಕಾಲುವೆ

ಮೋಟಾರು ತಿರುಗುವಾಗ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಮೋಟಾರು ಕೆಟ್ಟುಹೋಗುತ್ತದೆ. ಆದ್ದರಿಂದ ಅದನ್ನು ತಣ್ಣಗೆ ಇಡಬೇಕು.

ಮೋಟಾರಿಗೆ ಹೊರಗಡೆ ಒಂದು ಲೋಹದ ಕವಚ ಇರುತ್ತದೆ. ಕವಚದ ಗೋಡೆಯೊಳಗೆ ಸಣ್ಣ ಕಾಲುವೆ ಮಾಡಿರುತ್ತಾರೆ. ಕಾಲುವೆ ಹಾವಿನ ಹಾಗೆ ಕವಚವನ್ನು ಸುತ್ತುತ್ತದೆ. ಅದರಲ್ಲಿ ತಂಪು ಮಾಡುವ ನೀರು ಹರಿಯುತ್ತದೆ. ನೀರು ಮೋಟಾರಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ.

ಕವಚದ ಹೊರಗಿನ ಆಕಾರ ಮಾಡುವುದು ಸುಲಭ. ಆದರೆ ಗೋಡೆಯ ಒಳಗೆ ಸುತ್ತು ಸುತ್ತಾದ ಕಾಲುವೆ ಮಾಡುವುದು ಹೇಗೆ? ಡ್ರಿಲ್ಲಿಂಗ್ ಯಂತ್ರ ನೇರವಾಗಿ ಕೊರೆಯುತ್ತದೆ. ಡೊಂಕಾಗಿ ಕೊರೆಯಲು ಅದಕ್ಕೆ ಬರುವುದಿಲ್ಲ.

ಇದಕ್ಕೆ ಫೌಂಡ್ರಿಯವರು ಹಿಂದಿನಿಂದಲೂ ಒಂದು ಉಪಾಯ ಮಾಡುತ್ತಾರೆ. ಕಡುಬಿನೊಳಗೆ ಹೂರಣ ಇಟ್ಟ ಹಾಗೆ, ಅಚ್ಚಿನೊಳಗೆ ಗಟ್ಟಿ ಮರಳಿನ ತುಂಡು ಇಡುತ್ತಾರೆ. ಅದಕ್ಕೆ ಕೋರ್ ಎನ್ನುತ್ತಾರೆ. ಕೋರ್ ಎಂದರೆ ಹೂರಣ ಅಂತಲೇ ತಿಳಿಯಿರಿ. ಕರಗಿದ ಲೋಹ ಕೋರ್‌ನ ಸುತ್ತ ತುಂಬಿಕೊಳ್ಳುತ್ತದೆ. ಲೋಹ ಆರಿದ ಮೇಲೆ ಮರಳಿನ ಕೋರನ್ನು ಬಡಿದು ಪುಡಿ ಮಾಡಿ ಉದುರಿಸುತ್ತಾರೆ. ಹೂರಣ ಇದ್ದ ಜಾಗ ಟೊಳ್ಳಾಗುತ್ತದೆ. ಆ ಟೊಳ್ಳೇ ಕಾಲುವೆ.

ಹಳೆಯ ದಾರಿ

ಮರಳಿನ ಅಚ್ಚು ಮಾಡಲು ಮೊದಲು ಒಂದು ಮಾದರಿ ಬೇಕು. ಬೇಕಾದ ಸಾಮಾನಿನ ಆಕಾರದಲ್ಲೇ ಮರದಿಂದ ಅಥವಾ ಲೋಹದಿಂದ ಮಾದರಿ ಮಾಡುತ್ತಾರೆ. ಫೌಂಡ್ರಿಯಲ್ಲಿ ಅದಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಪ್ಯಾಟರ್ನ್ ಸುತ್ತ ಮರಳು ತುಂಬಿ ಗಟ್ಟಿಯಾಗಿ ಕುಟ್ಟುತ್ತಾರೆ. ಪ್ಯಾಟರ್ನ್ ಹೊರಗೆ ತೆಗೆದರೆ ಮರಳಿನಲ್ಲಿ ಅದರ ಗುರುತು ಉಳಿಯುತ್ತದೆ. ಒದ್ದೆ ನೆಲದ ಮೇಲೆ ಕಾಲಿಟ್ಟರೆ ಹೆಜ್ಜೆ ಮೂಡಿದ ಹಾಗೆ.

ಕೋರ್ ಮಾಡಲು ಬೇರೆ ಪೆಟ್ಟಿಗೆ ಬೇಕು. ಅಂಟು ಬೆರೆಸಿದ ಮರಳನ್ನು ಆ ಪೆಟ್ಟಿಗೆಗೆ ತುಂಬುತ್ತಾರೆ. ಗಟ್ಟಿಯಾದ ಮೇಲೆ ಹುಷಾರಾಗಿ ಬಿಡಿಸುತ್ತಾರೆ.

ಪ್ಯಾಟರ್ನ್ ಮಾಡುವುದು ನಾಜೂಕಿನ ಕೆಲಸ. ಲೋಹ ಆರುವಾಗ ಕುಗ್ಗುತ್ತದೆ. ಅಲ್ಯೂಮಿನಿಯಂ ಒಂದು ಮೀಟರಿಗೆ ಸುಮಾರು 13 ಮಿಲಿಮೀಟರ್ ಕುಗ್ಗುತ್ತದೆ. ಹೊಸ ಬಟ್ಟೆ ಒಗೆದಾಗ ಕುಗ್ಗುತ್ತದೆ ಅಂತ ನಾವು ಸ್ವಲ್ಪ ದೊಡ್ಡದಾಗಿ ಹೊಲಿಯುವುದಿಲ್ಲವೇ? ಹಾಗೆಯೇ ಪ್ಯಾಟರ್ನನ್ನೂ ಸ್ವಲ್ಪ ದೊಡ್ಡದಾಗಿ ಮಾಡಬೇಕು.

ಒಳ್ಳೆಯ ಪ್ಯಾಟರ್ನ್ ಮಾಡಲು ವಾರಗಟ್ಟಲೆ ಬೇಕು. ಎರಕ ಹೊಯ್ದು ನೋಡಿದ ಮೇಲೆ ಕಾಲುವೆ ಸ್ವಲ್ಪ ಅಗಲ ಆಗಬೇಕು ಎಂದು ಗೊತ್ತಾಯಿತು ಅನ್ನಿ. ಆಗ ಪ್ಯಾಟರ್ನ್ ತಿದ್ದಬೇಕು. ಕೋರ್ ಪೆಟ್ಟಿಗೆ ತಿದ್ದಬೇಕು. ಮತ್ತೆ ವಾರಗಟ್ಟಲೆ ಕಾಯಬೇಕು. ಇನ್ನೊಂದು ತೊಂದರೆಯೂ ಇದೆ. ಕೋರ್ ಬಹಳ ಡೊಂಕಾಗಿದ್ದರೆ ಪೆಟ್ಟಿಗೆಯಿಂದ ಬಿಡಿಸಲು ಬರುವುದೇ ಇಲ್ಲ. ಎಳೆದರೆ ಮುರಿಯುತ್ತದೆ. ಆಗ ನಾಲ್ಕೈದು ತುಂಡು ಬೇರೆ ಬೇರೆ ಮಾಡಿ ಅಂಟಿಸಬೇಕು.

ತ್ರೀಡಿ ಪ್ರಿಂಟಿಂಗ್ ಎಂದರೇನು?

ಪ್ರಿಂಟಿಂಗ್ ಎಂದರೆ ಮುದ್ರಣ. ಈ ಪುಸ್ತಕ ಮುದ್ರಣವಾಗಿದೆ. ಕಾಗದದ ಮೇಲೆ ಅಕ್ಷರಕ್ಕೆ ಉದ್ದ, ಅಗಲ ಇದೆ. ದಪ್ಪ ಇಲ್ಲ. ತ್ರೀಡಿ ಪ್ರಿಂಟಿಂಗ್‌ನಲ್ಲಿ ಉದ್ದ, ಅಗಲ, ಎತ್ತರ ಮೂರೂ ಇರುತ್ತವೆ. ಅಂದರೆ ಕೈಯಲ್ಲಿ ಹಿಡಿಯುವ ವಸ್ತುವನ್ನೇ ಯಂತ್ರ ಮುದ್ರಿಸುತ್ತದೆ.

ಮಣ್ಣಿನ ಗೋಡೆ ಕಟ್ಟುವುದನ್ನು ನೀವು ನೋಡಿದ್ದೀರಿ. ಒಂದು ವರಸೆ ಹಾಕುತ್ತಾರೆ. ಅದರ ಮೇಲೆ ಇನ್ನೊಂದು ವರಸೆ. ಹಾಗೆ ಗೋಡೆ ಏಳುತ್ತದೆ. ಈ ಯಂತ್ರವೂ ವರಸೆ ವರಸೆಯಾಗಿಯೇ ಕಟ್ಟುತ್ತದೆ. ಆದರೆ ಅದರ ಒಂದು ವರಸೆ ಬಹಳ ತೆಳು.

ಮರಳಿನ ಅಚ್ಚು ಮುದ್ರಿಸುವ ಯಂತ್ರ ಹೀಗೆ ಕೆಲಸ ಮಾಡುತ್ತದೆ:

ಮೊದಲು ಒಂದು ದೊಡ್ಡ ಪೆಟ್ಟಿಗೆಯ ತಳದಲ್ಲಿ ನುಣುಪಾದ ಮರಳನ್ನು ತೆಳ್ಳಗೆ ಹರಡುತ್ತದೆ. ಒಂದು ಪದರದ ದಪ್ಪ ಸುಮಾರು 0.3 ಮಿಲಿಮೀಟರ್. ಅಂದರೆ ಮೂರು ಪದರ ಸೇರಿದರೂ ಒಂದು ಮಿಲಿಮೀಟರ್ ಆಗುವುದಿಲ್ಲ.

ಆಮೇಲೆ ಆ ಮರಳಿನ ಮೇಲೆ ಯಂತ್ರ ಅಂಟಿನ ಹನಿಗಳನ್ನು ಉದುರಿಸುತ್ತದೆ. ನಾವು ನೆಲದ ಮೇಲೆ ಪುಡಿಯಿಂದ ರಂಗೋಲಿ ಬಿಡುತ್ತೇವೆ. ಯಂತ್ರ ಮರಳಿನ ಮೇಲೆ ಅಂಟಿನಿಂದ ರಂಗೋಲಿ ಬಿಡುತ್ತದೆ. ಅಂಟು ಬಿದ್ದಲ್ಲಿ ಮರಳು ಗಟ್ಟಿಯಾಗುತ್ತದೆ. ಅಂಟು ಬೀಳದ ಕಡೆ ಮರಳು ಸಡಿಲವಾಗಿಯೇ ಇರುತ್ತದೆ.

ಅದರ ಮೇಲೆ ಮತ್ತೊಂದು ಪದರ ಮರಳು. ಮತ್ತೆ ಅಂಟಿನ ರಂಗೋಲಿ. ಹೀಗೆ ನೂರಾರು, ಸಾವಿರಾರು ಪದರ. ಕೊನೆಗೆ ಸಡಿಲ ಮರಳನ್ನು ಹೀರಿ, ಬ್ರಷ್‌ನಿಂದ ಗುಡಿಸಿ ತೆಗೆಯುತ್ತಾರೆ. ಒಳಗಿನಿಂದ ಗಟ್ಟಿಯಾದ ಅಚ್ಚು ಹೊರಬರುತ್ತದೆ. ಕೋರ್ ಕೂಡ ಹೀಗೆಯೇ ಹುಟ್ಟುತ್ತದೆ.

ಎಲ್ಲಿ ಅಂಟು ಹಾಕಬೇಕು ಎಂದು ಯಂತ್ರಕ್ಕೆ ಯಾರು ಹೇಳುತ್ತಾರೆ? ಕಂಪ್ಯೂಟರ್ ಹೇಳುತ್ತದೆ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವರು ಮನುಷ್ಯರು. ಕುಗ್ಗುವ ಲೆಕ್ಕವನ್ನೂ ಅವರೇ ಸೇರಿಸುತ್ತಾರೆ. ಪುಡಿಯ ಮೇಲೆ ಅಂಟು ಹನಿಸಿ ಮುದ್ರಿಸುವ ಈ ವಿದ್ಯೆ ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಲಯದಲ್ಲಿ ಹುಟ್ಟಿತು. 1993ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಈ ದಾರಿಯಲ್ಲಿ ಪ್ಯಾಟರ್ನ್ ಬೇಡ. ಕೋರ್ ಪೆಟ್ಟಿಗೆಯೂ ಬೇಡ. ಬಿಡಿಸುವ ಚಿಂತೆ ಇಲ್ಲದ ಕಾರಣ ಎಷ್ಟು ಡೊಂಕಾದ ಕೋರ್ ಆದರೂ ಒಂದೇ ತುಂಡಾಗಿ ಮಾಡಬಹುದು. ಕಾಲುವೆ ಅಗಲ ಮಾಡಬೇಕೇ? ಕಂಪ್ಯೂಟರಿನ ನಕ್ಷೆ ತಿದ್ದಿದರೆ ಸಾಕು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ.

ಎರಡೂ ಸೇರಿದಾಗ

ಈಗ ಒಂದು ಮೋಟಾರ್ ಕವಚ ಹುಟ್ಟುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ.

1. ಕಂಪ್ಯೂಟರಿನಲ್ಲಿ ಕವಚದ ನಕ್ಷೆ ಬರೆಯುತ್ತಾರೆ.

2. ಯಂತ್ರ ಮರಳಿನ ಅಚ್ಚು ಮತ್ತು ಕೋರನ್ನು ಮುದ್ರಿಸುತ್ತದೆ.

3. ಸಡಿಲ ಮರಳನ್ನು ತೆಗೆದು ಚೊಕ್ಕಟ ಮಾಡುತ್ತಾರೆ. ಕಾಲುವೆಯ ಕೋರ್ ಬೆರಳಿನಷ್ಟು ಸಣ್ಣ ಇರಬಹುದು. ಮುರಿಯದಂತೆ ಎತ್ತಬೇಕು.

4. ಅಚ್ಚಿನ ಒಳಗೆ ಕೋರ್ ಇಟ್ಟು ಮುಚ್ಚುತ್ತಾರೆ. ಒಂದು ಕೂದಲೆಳೆ ಆಚೀಚೆ ಆದರೂ ಕವಚದ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ.

5. ಕುಲುಮೆಯಲ್ಲಿ ಅಲ್ಯೂಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಮರಳಿನಲ್ಲಿದ್ದ ಅಂಟು ಬಿಸಿಗೆ ಸುಟ್ಟು ಗಾಳಿ ಏಳುತ್ತದೆ. ಆ ಗಾಳಿ ಹೊರಗೆ ಹೋಗಲು ಸಣ್ಣ ದಾರಿ ಬಿಟ್ಟಿರಬೇಕು. ದೋಸೆಯಲ್ಲಿ ತೂತು ಬಿದ್ದರೆ ಚೆಂದ. ಲೋಹದಲ್ಲಿ ತೂತು ಬಿದ್ದರೆ ನೀರು ಸೋರುತ್ತದೆ.

6. ಲೋಹ ಆರಿದ ಮೇಲೆ ಅಚ್ಚನ್ನು ಒಡೆಯುತ್ತಾರೆ. ಒಳಗಿನ ಮರಳನ್ನು ಪೂರ್ತಿ ಉದುರಿಸುತ್ತಾರೆ. ಒಂದು ಹಿಡಿ ಮರಳು ಉಳಿದರೂ ಕಾಲುವೆ ಕಟ್ಟಿಕೊಳ್ಳುತ್ತದೆ.

7. ಬೇಕಾದ ಕಡೆ ಯಂತ್ರದಿಂದ ಉಜ್ಜಿ ನಯ ಮಾಡುತ್ತಾರೆ.

8. ಕೊನೆಗೆ ಪರೀಕ್ಷೆ. ಎಕ್ಸ್‌ರೇ ಹಿಡಿದು ಒಳಗೆ ಗುಳ್ಳೆ, ಬಿರುಕು ಇದೆಯೇ ನೋಡುತ್ತಾರೆ. ಕಾಲುವೆಗೆ ಗಾಳಿ ತುಂಬಿ ಸೋರುತ್ತದೆಯೇ ನೋಡುತ್ತಾರೆ. ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಅದ್ದುತ್ತಾನಲ್ಲ, ಅದೇ ಲೆಕ್ಕ.

ನೋಡಿದಿರಾ? ಎಂಟು ಹೆಜ್ಜೆಯಲ್ಲಿ ಹೊಸ ಯಂತ್ರದ ಕೆಲಸ ಒಂದೇ ಹೆಜ್ಜೆ. ಉಳಿದ ಹೆಜ್ಜೆಗಳಲ್ಲಿ ಹೆಚ್ಚಿನವು ಹಳೆಯ ಕಸುಬಿನವು. ಅವಕ್ಕೆ ಕಣ್ಣು ಬೇಕು, ಕೈ ಬೇಕು, ಅನುಭವ ಬೇಕು.

ದೊಡ್ಡ ಕಂಪನಿಯವರೂ ಮರಳಿಗೆ ಬಂದರು

ಅಮೆರಿಕದಲ್ಲಿ ಟೆಸ್ಲಾ ಎಂಬ ಕಂಪನಿ ಇದೆ. ಅದು ಕರೆಂಟಿನ ಕಾರು ಮಾಡುತ್ತದೆ. ಅವರ ಒಂದು ಕಾರಿನ ಹಿಂಬದಿಯ ತಳವನ್ನು ಮೊದಲು ಸುಮಾರು 70 ತುಂಡು ಸೇರಿಸಿ ಮಾಡುತ್ತಿದ್ದರು. 2020ರಿಂದ ಇನ್ನೊಂದು ಕಾರಿಗೆ ಅಂಥ ಭಾಗವನ್ನು ಎರಕದಿಂದಲೇ ಮಾಡತೊಡಗಿದರು. 70 ತುಂಡಿನ ಜಾಗದಲ್ಲಿ ಒಂದೆರಡೇ ದೊಡ್ಡ ತುಂಡು ಸಾಕಾಯಿತು. ಬೆಸುಗೆಯ ಕೆಲಸ ಬಹಳ ಕಡಿಮೆಯಾಯಿತು.

ಇದಕ್ಕೆ ಅವರು ಬಳಸುವುದು ಉಕ್ಕಿನ ಅಚ್ಚು. ಅದಕ್ಕೆ ಡೈ ಎನ್ನುತ್ತಾರೆ. ಡೈಗೆ ಬಹಳ ದುಡ್ಡು ಬೇಕು. ಮಾಡಿದ ಮೇಲೆ ತಪ್ಪು ಕಂಡರೆ ತಿದ್ದುವುದಕ್ಕೂ ಬಹಳ ದುಡ್ಡು ಬೇಕು. ಹಾಗಾದರೆ ಡೈ ಮಾಡುವ ಮೊದಲೇ ಆಕಾರ ಸರಿಯಿದೆಯೇ ಎಂದು ನೋಡುವುದು ಹೇಗೆ?

2023ರ ಸೆಪ್ಟೆಂಬರಿನಲ್ಲಿ ರಾಯಿಟರ್ಸ್ ಎಂಬ ಸುದ್ದಿಸಂಸ್ಥೆ ಒಂದು ವರದಿ ಪ್ರಕಟಿಸಿತು. ಟೆಸ್ಲಾದವರು ಮೊದಲು ಮುದ್ರಿಸಿದ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ನೋಡುತ್ತಾರೆ ಎಂದು ಅದರಲ್ಲಿ ಇತ್ತು. ಲೋಹದ ಅಚ್ಚಿನಲ್ಲಿ ಪರೀಕ್ಷೆ ಮಾಡಲು 100 ರೂಪಾಯಿ ತಗಲುವುದಾದರೆ, ಮರಳಿನ ಅಚ್ಚಿನಲ್ಲಿ 3 ರೂಪಾಯಿ ಸಾಕು ಎಂಬ ಲೆಕ್ಕ ಆ ವರದಿಯಲ್ಲಿದೆ. ಆರು ತಿಂಗಳಿನಿಂದ ಒಂದು ವರ್ಷ ಹಿಡಿಯುವ ಪರೀಕ್ಷೆ ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದೂ ಇದೆ. ಮರಳಿನ ಕೋರ್ ಇಟ್ಟು ಒಳಗೆ ಟೊಳ್ಳು ಮಾಡಿ ತೂಕ ಇಳಿಸುವ ವಿಚಾರವೂ ಅದರಲ್ಲಿದೆ.

ಇದರಲ್ಲಿ ಒಂದು ತೊಡಕೂ ಇದೆ. ಮರಳಿನಲ್ಲಿ ಲೋಹ ನಿಧಾನ ಆರುತ್ತದೆ. ಉಕ್ಕಿನ ಅಚ್ಚಿನಲ್ಲಿ ಬೇಗ ಆರುತ್ತದೆ. ಮಣ್ಣಿನ ಮಡಕೆಯ ಸಾರಿಗೂ ಸ್ಟೀಲ್ ಪಾತ್ರೆಯ ಸಾರಿಗೂ ವ್ಯತ್ಯಾಸ ಇರುವ ಹಾಗೆ, ಆರುವ ಬಗೆ ಬದಲಾದರೆ ಲೋಹದ ಗುಣವೂ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಲೋಹದ ಬೆರಕೆಯನ್ನು ಹದ ಮಾಡಬೇಕಾಗುತ್ತದೆ.

ದೊಡ್ಡ ತುಂಡು ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದು ಎಂದಲ್ಲ. ಸಣ್ಣ ತುಂಡು ಜಖಂ ಆದರೆ ಅದೊಂದನ್ನು ಬದಲಿಸಬಹುದು. ದೊಡ್ಡ ತುಂಡು ಬಿರುಕು ಬಿಟ್ಟರೆ ದುರಸ್ತಿ ಕಷ್ಟ. ಕಾರಿನ ಇಡೀ ತಳವನ್ನು ಒಂದೇ ತುಂಡಾಗಿ ಎರೆಯುವ ಯೋಚನೆಯಿಂದ ಟೆಸ್ಲಾ ಹಿಂದೆ ಸರಿದಿದೆ ಎಂದು 2024ರಲ್ಲಿ ಅದೇ ಸುದ್ದಿಸಂಸ್ಥೆ ವರದಿ ಮಾಡಿತು.

ಎಲ್ಲವನ್ನೂ ಯಂತ್ರವೇ ಮುದ್ರಿಸಬಾರದೇ?

ನೀವು ಕೇಳಬಹುದು: "ಯಂತ್ರ ಅಷ್ಟು ಜಾಣ ಇದ್ದರೆ ಲೋಹದ ಕವಚವನ್ನೇ ನೇರವಾಗಿ ಮುದ್ರಿಸಬಾರದೇ? ಎರಕ ಯಾಕೆ ಬೇಕು?"

ಒಳ್ಳೆಯ ಪ್ರಶ್ನೆ. ಲೋಹದ ಪುಡಿಯನ್ನು ಲೇಸರ್ ಬೆಳಕಿನಿಂದ ಕರಗಿಸಿ ಮುದ್ರಿಸುವ ಯಂತ್ರಗಳು ಇವೆ. ಆದರೆ ಲೋಹದ ಪುಡಿ ದುಬಾರಿ. ಕೆಲಸ ನಿಧಾನ. ಒಂದು ಕವಚಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಎರಕವಾದರೆ ಹೊಯ್ದರೆ ತುಂಬಿತು, ಆರಿದರೆ ಮುಗಿಯಿತು.

ಹೊಲಿಗೆಯ ಉದಾಹರಣೆ ನೋಡಿ. ಒಬ್ಬರಿಗೆ ಒಂದು ರವಿಕೆ ಹೊಲಿಯಲು ಅಳತೆ ತೆಗೆದು ನೇರವಾಗಿ ಬಟ್ಟೆ ಕತ್ತರಿಸುತ್ತೇವೆ. ಶಾಲೆಯ 500 ಮಕ್ಕಳಿಗೆ ಸಮವಸ್ತ್ರ ಹೊಲಿಯಬೇಕಾದರೆ? ಮೊದಲು ರಟ್ಟಿನ ಅಚ್ಚು ಕತ್ತರಿಸಿಕೊಳ್ಳುತ್ತೇವೆ. ಎಷ್ಟು ಬೇಕು ಎನ್ನುವುದರ ಮೇಲೆ ದಾರಿ ಬದಲಾಗುತ್ತದೆ.

ಇಲ್ಲಿಯೂ ಹಾಗೆಯೇ. ಹತ್ತೋ ಐವತ್ತೋ ಕವಚ ಬೇಕಾದರೆ ಮುದ್ರಿಸಿದ ಮರಳಿನ ಅಚ್ಚು ಲಾಭ. ಪ್ರತಿ ಕವಚಕ್ಕೂ ಒಂದು ಅಚ್ಚು ಒಡೆಯಬೇಕಾದರೂ ಪ್ಯಾಟರ್ನಿನ ಖರ್ಚು ಉಳಿಯುತ್ತದೆ. ಲಕ್ಷ ಕವಚ ಬೇಕಾದರೆ ಉಕ್ಕಿನ ಡೈ ಲಾಭ. ಒಮ್ಮೆ ಮಾಡಿದರೆ ಸಾವಿರಾರು ಸಲ ಹೊಯ್ಯಬಹುದು.

ಎರಡು ಕಸುಬು ಸೇರುವ ಬೇರೆ ದಾರಿಗಳೂ ಇವೆ.

ಒಂದು, ಮೇಣದ ದಾರಿ. ಮೊಹೆಂಜೊದಾರೊದ ಗೊಂಬೆ ಮಾಡಿದ್ದು ಈ ದಾರಿಯಲ್ಲೇ. ಮೊದಲು ಮೇಣದ ಗೊಂಬೆ ಮಾಡಬೇಕು. ಅದರ ಸುತ್ತ ಮಣ್ಣು ಮೆತ್ತಬೇಕು. ಬಿಸಿ ಮಾಡಿದರೆ ಮೇಣ ಕರಗಿ ಹರಿದುಹೋಗುತ್ತದೆ. ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯಬೇಕು. ಈಗ ಆ ಮೇಣದ ಮಾದರಿಯನ್ನು ಯಂತ್ರ ಮುದ್ರಿಸಿ ಕೊಡುತ್ತದೆ. ಸಣ್ಣ, ನಾಜೂಕಾದ ಭಾಗಗಳಿಗೆ ಇದು ಒಳ್ಳೆಯದು.

ಇನ್ನೊಂದು, ಡೈ ತಂಪು ಮಾಡುವ ದಾರಿ. ಉಕ್ಕಿನ ಡೈಗೆ ಮತ್ತೆ ಮತ್ತೆ ಬಿಸಿ ಲೋಹ ಬಿದ್ದು ಅದೂ ಕಾದು ಕೆಂಡವಾಗುತ್ತದೆ. ಅದನ್ನು ತಂಪು ಮಾಡಲು ನೀರಿನ ಕಾಲುವೆ ಬೇಕು. ಡೈನ ಆ ಒಂದು ತುಂಡನ್ನು ಮಾತ್ರ ಉಕ್ಕಿನ ಪುಡಿಯಿಂದ ಮುದ್ರಿಸುತ್ತಾರೆ. ಡೊಂಕು ಕಾಲುವೆ ಅದರೊಳಗೇ ಬಂದುಬಿಡುತ್ತದೆ. ಡೈ ಬೇಗ ತಣ್ಣಗಾಗುತ್ತದೆ. ಹೆಚ್ಚು ದಿನ ಬಾಳುತ್ತದೆ.

ಕೋರ್ ಮಾಡುವ ಹೆಂಗಸರು

ನಮ್ಮ ನಾಡಿನಲ್ಲಿ ಬೆಳಗಾವಿ ಫೌಂಡ್ರಿಗಳಿಗೆ ಹೆಸರಾದ ಊರು. ಅಲ್ಲಿನ ಉದ್ಯಮಬಾಗ್ ಎಂಬ ಕಡೆ ಸಾಲು ಸಾಲು ಕಾರ್ಖಾನೆಗಳಿವೆ. ಪಕ್ಕದ ಕೊಲ್ಹಾಪುರ, ತಮಿಳುನಾಡಿನ ಕೊಯಮತ್ತೂರು ಕೂಡ ಎರಕಕ್ಕೆ ಹೆಸರುವಾಸಿ. ಫೌಂಡ್ರಿ ಎಂದರೆ ಗಂಡಸರ ಕೆಲಸ ಅಂತ ನಾವು ತಿಳಿದಿದ್ದೇವೆ. ಅದು ಪೂರ್ತಿ ನಿಜವಲ್ಲ. ಕೋರ್ ಮಾಡುವ ಕೆಲಸದಲ್ಲಿ ಬಹಳ ಕಡೆ ಹೆಂಗಸರಿದ್ದಾರೆ. ಮರಳು ತುಂಬುವುದು, ಬಿಡಿಸುವುದು, ಅಂಚು ಉಜ್ಜುವುದು, ಬಣ್ಣ ಬಳಿಯುವುದು ಅವರ ಕೆಲಸ.

ಯಂತ್ರವೇ ಕೋರ್ ಮುದ್ರಿಸಿದರೆ ಈ ಅಕ್ಕಂದಿರ ಗತಿ ಏನು?

ಈ ಪ್ರಶ್ನೆಯನ್ನು ನಾವು ಮುಚ್ಚಿಡಬಾರದು. ಒಂದೇ ಬಗೆಯ ಕೋರ್ ಸಾವಿರಗಟ್ಟಲೆ ಬೇಕಾದರೆ ಪೆಟ್ಟಿಗೆಯಲ್ಲಿ ಮಾಡುವುದೇ ಅಗ್ಗ. ಮುದ್ರಿಸುವ ಯಂತ್ರ ಬಹಳ ದುಬಾರಿ. ಸಣ್ಣ ಫೌಂಡ್ರಿಯವರು ಅದನ್ನು ಕೊಳ್ಳುವುದು ಕಷ್ಟ. ಆದ್ದರಿಂದ ಎಲ್ಲರ ಕೆಲಸ ಒಂದೇ ದಿನ ಹೋಗುವುದಿಲ್ಲ. ಆದರೆ ಹೊಸ ಬಗೆಯ, ಡೊಂಕಾದ, ಸ್ವಲ್ಪವೇ ಬೇಕಾದ ಕೋರ್‌ಗಳು ನಿಧಾನವಾಗಿ ಯಂತ್ರದ ಕಡೆ ಹೋಗುತ್ತವೆ. ನಾಲ್ಕೈದು ತುಂಡು ಅಂಟಿಸುವ ಕೆಲಸ ಕಡಿಮೆಯಾಗುತ್ತದೆ.

ಹಾಗಾದಾಗ ಯಂತ್ರದ ಮುಂದೆ ಯಾರು ನಿಲ್ಲುತ್ತಾರೆ? ಇಲ್ಲೇ ನಾವು ಎಚ್ಚರ ಇರಬೇಕು. ಹೊಸ ಯಂತ್ರ ಬಂದಾಗ ಅದರ ತರಬೇತಿಗೆ ಗಂಡಸರನ್ನು ಕಳಿಸುವುದು, ಹೆಂಗಸರಿಗೆ ಕಸ ಗುಡಿಸುವ ಕೆಲಸ ಕೊಡುವುದು ಸುಲಭ. ಆದರೆ ಇಷ್ಟು ವರ್ಷ ಕೋರ್ ಮಾಡಿದ ಹೆಂಗಸಿಗೆ ಬಹಳ ಗೊತ್ತಿರುತ್ತದೆ. ಯಾವ ಕೋರ್ ಎಲ್ಲಿ ಮುರಿಯುತ್ತದೆ, ಗಾಳಿ ಹೋಗಲು ಎಲ್ಲಿ ದಾರಿ ಬಿಡಬೇಕು, ಯಾವುದನ್ನು ಹೇಗೆ ಎತ್ತಬೇಕು, ಎಲ್ಲ ಅವಳ ಕೈಗೆ ಗೊತ್ತು. ಮುದ್ರಿಸಿದ ಕೋರನ್ನು ಚೊಕ್ಕಟ ಮಾಡಲು, ಜೋಡಿಸಲು, ಪರೀಕ್ಷೆ ಮಾಡಲು ಇದೇ ತಿಳಿವಳಿಕೆ ಬೇಕು. ಇದಕ್ಕೆ ನಕ್ಷೆ ಓದುವುದು, ಅಳತೆ ಬರೆಯುವುದು ಸೇರಿದರೆ ಅವಳು ಯಂತ್ರವನ್ನೂ ನಡೆಸಬಲ್ಲಳು. "ನಮಗೂ ತರಬೇತಿ ಕೊಡಿ" ಎಂದು ಕೇಳುವುದು ತಪ್ಪಲ್ಲ. ಒಬ್ಬಳೇ ಕೇಳುವುದಕ್ಕಿಂತ ಹತ್ತು ಜನ ಕೂಡಿ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ದೂಳು ಸಣ್ಣದು, ರೋಗ ದೊಡ್ಡದು

ಮರಳಿನಲ್ಲಿ ಸಿಲಿಕಾ ಎಂಬ ವಸ್ತು ಇದೆ. ಅದರ ನುಣ್ಣನೆಯ ದೂಳು ಕಣ್ಣಿಗೆ ಕಾಣುವುದೂ ಇಲ್ಲ. ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ಕೂರುತ್ತದೆ. ವರ್ಷಗಟ್ಟಲೆ ಹೋದರೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಕೆಮ್ಮು, ಉಬ್ಬಸ, ಸುಸ್ತು ಅದರ ಲಕ್ಷಣ. ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಈ ರೋಗ ಇರುವವರಿಗೆ ಕ್ಷಯ ಅಂಟುವ ಭಯವೂ ಹೆಚ್ಚು. ಆದರೆ ಬಾರದಂತೆ ತಡೆಯಬಹುದು.

ಹೊಸ ಯಂತ್ರ ಬಂದರೂ ಮರಳು ಮರಳೇ. ಸಡಿಲ ಮರಳು ತೆಗೆಯುವಾಗ, ಅಚ್ಚು ಒಡೆಯುವಾಗ ದೂಳು ಏಳುತ್ತದೆ. ಆದ್ದರಿಂದ ನೆನಪಿಡಿ:

ಒಣ ಪೊರಕೆಯಿಂದ ಗುಡಿಸಬಾರದು. ನೀರು ಚಿಮುಕಿಸಿ ಗುಡಿಸಬೇಕು, ಇಲ್ಲವೇ ದೂಳು ಹೀರುವ ಯಂತ್ರ ಬಳಸಬೇಕು. ಆದರೆ ಕರಗಿದ ಲೋಹ ಇರುವ ಜಾಗದ ಹತ್ತಿರ ನೀರು ತರಲೇಬಾರದು.

ಸೆರಗು ಮುಚ್ಚಿಕೊಂಡರೆ ಸಾಲದು. ಸೆರಗಿನ ಎಳೆಗಳ ನಡುವೆ ಈ ದೂಳು ನುಸುಳುತ್ತದೆ. ದೂಳು ತಡೆಯುವ ಸರಿಯಾದ ಮುಖಗವಸು ಬೇಕು. ಅದನ್ನು ಕೊಡುವುದು ಮಾಲೀಕರ ಹೊಣೆ.

ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳಬಾರದು. ಬಟ್ಟೆ ಬದಲಿಸಿ, ಕೈ ಮುಖ ತೊಳೆಯಬೇಕು.

ಕರಗಿದ ಲೋಹಕ್ಕೆ ಒಂದು ಹನಿ ನೀರೂ ಬೀಳಬಾರದು. ಒಗ್ಗರಣೆಯ ಎಣ್ಣೆಗೆ ನೀರು ಬಿದ್ದರೆ ಹೇಗೆ ಸಿಡಿಯುತ್ತದೆ, ನಮಗೆ ಗೊತ್ತು. ಲೋಹ ಅದಕ್ಕಿಂತ ಭಯಂಕರವಾಗಿ ಸಿಡಿಯುತ್ತದೆ. ಒದ್ದೆ ಅಚ್ಚು, ಒದ್ದೆ ಸೌಟು ಎರಡೂ ಅಪಾಯ.

ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಡಾಕ್ಟರ್ ಹತ್ತಿರ ಹೋದಾಗ "ನಾನು ಫೌಂಡ್ರಿಯಲ್ಲಿ ಕೆಲಸ ಮಾಡುತ್ತೇನೆ" ಎಂದು ಮರೆಯದೆ ಹೇಳಬೇಕು. ಸಿಲಿಕೋಸಿಸ್ ಕಸುಬಿನಿಂದ ಬರುವ ರೋಗ ಎಂದು ಕಾನೂನು ಒಪ್ಪಿದೆ.

ಅಕ್ಷರ, ಅಂಕಿ ಮತ್ತು ನಕ್ಷೆ

ನಕ್ಷೆಯಲ್ಲಿ ಇರುವುದು ಗೆರೆ ಮತ್ತು ಅಂಕಿ. 13 ಎಂದು ಇದ್ದಲ್ಲಿ 31 ಎಂದು ಓದಿದರೆ ಕವಚ ಹಾಳು. 0.3ಕ್ಕೂ 3ಕ್ಕೂ ಹತ್ತು ಪಟ್ಟು ವ್ಯತ್ಯಾಸ. ಒಂದು ಚುಕ್ಕೆಗೆ ಅಷ್ಟು ಬೆಲೆ ಇದೆ. ಅಂಟಿನ ಡಬ್ಬಿಯ ಮೇಲೆ ಎಚ್ಚರಿಕೆಯ ಮಾತು ಬರೆದಿರುತ್ತದೆ. ಅದನ್ನು ಓದಬಲ್ಲವರು ತಮ್ಮ ಜೀವವನ್ನೂ ಕಾಪಾಡಿಕೊಳ್ಳುತ್ತಾರೆ, ಪಕ್ಕದವರ ಜೀವವನ್ನೂ ಕಾಪಾಡುತ್ತಾರೆ.

ಮನೆಯಲ್ಲಿ ಹತ್ತನೇ ತರಗತಿ ಮುಗಿಸಿದ ಮಗಳು ಇದ್ದಾಳೆಯೇ? ಐ.ಟಿ.ಐ.ಯ ಕಸುಬುಗಳಲ್ಲಿ ಎರಕದ ಕೆಲಸ ಇದೆ. ತ್ರೀಡಿ ಪ್ರಿಂಟಿಂಗ್ ಇದೆ. ಕರೆಂಟ್ ಬಂಡಿಯ ಮೆಕ್ಯಾನಿಕ್ ಕೆಲಸವೂ ಇದೆ. ಎಲ್ಲ ಊರಿನ ಐ.ಟಿ.ಐ.ಯಲ್ಲೂ ಎಲ್ಲ ಕಸುಬು ಇರುವುದಿಲ್ಲ. ಹತ್ತಿರದ ಐ.ಟಿ.ಐ.ಗೆ ಹೋಗಿ ಕೇಳಬೇಕು. ಹೊಲಿಗೆ ಮಾತ್ರ ಹುಡುಗಿಯರ ಕಸುಬು ಎಂದು ಯಾರಾದರೂ ಹೇಳಿದರೆ, ಕೊಯಮತ್ತೂರಿನಲ್ಲಿ, ಕೊಲ್ಹಾಪುರದಲ್ಲಿ ಕೋರ್ ಮಾಡುವ ಹೆಂಗಸರ ವಿಷಯ ಅವರಿಗೆ ತಿಳಿಸಿ.

ಲೆಕ್ಕ ಮಾಡಿ ನೋಡಿ

1. ಒಂದು ಅಚ್ಚಿನ ಎತ್ತರ 300 ಮಿಲಿಮೀಟರ್. ಒಂದು ಪದರದ ದಪ್ಪ 0.3 ಮಿಲಿಮೀಟರ್. ಯಂತ್ರ ಎಷ್ಟು ಪದರ ಹಾಕಬೇಕು? (ಉತ್ತರ: 1000 ಪದರ)

2. ಅಲ್ಯೂಮಿನಿಯಂ ಒಂದು ಮೀಟರಿಗೆ 13 ಮಿಲಿಮೀಟರ್ ಕುಗ್ಗುತ್ತದೆ. ಎರಡು ಮೀಟರ್ ಉದ್ದದ ಭಾಗಕ್ಕೆ ಅಚ್ಚನ್ನು ಎಷ್ಟು ಉದ್ದ ಹೆಚ್ಚಿಗೆ ಮಾಡಬೇಕು? (ಉತ್ತರ: 26 ಮಿಲಿಮೀಟರ್)

ಕೂಡಿ ಮಾತಾಡಿ

1. ನಿಮ್ಮ ಮನೆಯಲ್ಲಿ ಎರಕದಿಂದ ಮಾಡಿದ ಸಾಮಾನು ಯಾವುವು? ಪಟ್ಟಿ ಬರೆಯಿರಿ.

2. ನಿಮ್ಮ ಊರಿನಲ್ಲಿ ಹೊಸ ಯಂತ್ರ ಬಂದಾಗ ಯಾರ ಕೆಲಸ ಹೋಯಿತು? ಯಾರಿಗೆ ಹೊಸ ಕೆಲಸ ಸಿಕ್ಕಿತು?

3. ನಿಮ್ಮ ಕೆಲಸದಲ್ಲಿ ಯಾವ ಬಗೆಯ ದೂಳು ಇದೆ? ಅದನ್ನು ತಡೆಯಲು ಏನು ಮಾಡಬಹುದು? ಮಾಲೀಕರಿಗೆ ಏನು ಕೇಳಬೇಕು? ಎಲ್ಲರೂ ಕೂಡಿ ಒಂದು ಅರ್ಜಿ ಬರೆಯಿರಿ.